ಒಂದು ಸಾಕೆಟ್, ಎರಡು ಕಂಪನಿ

ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸಿಕೊಳ್ಳುವವನ ಮೊದಲ ಪ್ರಶ್ನೆ: ಇಂಟೆಲ್ಲೋ, ಎಎಂಡಿಯೋ? ಈ ಆಯ್ಕೆ ತಾನಾಗಿ ಒದಗಿದ್ದಲ್ಲ. 1968ರಲ್ಲಿ ಇಂಟೆಲ್, 1969ರಲ್ಲಿ ಎಎಂಡಿ ಹುಟ್ಟಿದವು. ಎರಡನ್ನೂ ಕಟ್ಟಿದವರು ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಕಂಪನಿಯಿಂದ ಹೊರಬಂದವರು. ತನ್ನ ಪಿಸಿಯ ಚಿಪ್‌ಗೆ ಒಬ್ಬರನ್ನೇ ನೆಚ್ಚಿಕೊಳ್ಳಲು ಐಬಿಎಂ ಒಪ್ಪಲಿಲ್ಲ. ಆದ್ದರಿಂದ 1982ರಲ್ಲಿ ಇಂಟೆಲ್ ತನ್ನ ವಿನ್ಯಾಸವನ್ನು ಎಎಂಡಿಯೊಡನೆ ಹಂಚಿಕೊಂಡಿತು. 386ರ ಸರದಿ ಬಂದಾಗ ಕೊಡಲು ನಿರಾಕರಿಸಿತು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 1991ರಲ್ಲಿ ಎಎಂಡಿ ತನ್ನದೇ 386 ಹೊರತಂದಿತು. ಬರಿಯ ಅಂಕಿ ತನ್ನೊಬ್ಬನ ಹೆಸರಾಗಿ ಉಳಿಯದೆಂದು ಕಂಡ ಇಂಟೆಲ್, 1993ರ ಚಿಪ್‌ಗೆ ‘ಪೆಂಟಿಯಂ’ ಎಂದು ಹೆಸರಿಟ್ಟಿತು.

ಪೆಂಟಿಯಂನ ಮುಂದಿನ ಮಾದರಿಗಳು ಕೂರುತ್ತಿದ್ದ ಸಾಕೆಟ್ 7ರಲ್ಲೇ 1997ರಲ್ಲಿ ಎಎಂಡಿಯ ಕೆ6 ಬಂದು ಕುಳಿತಿತು. ಅದೇ ವರ್ಷ ಇಂಟೆಲ್ ಪೆಂಟಿಯಂ-2ಕ್ಕೆ ಬೇರೆ ಸ್ಲಾಟ್ ಮಾಡಿತು. ಅಲ್ಲಿಂದ ದಾರಿ ಕವಲೊಡೆಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳುವವನು ಇಂದಿಗೂ ಪ್ರೊಸೆಸರ್, ಮದರ್‌ಬೋರ್ಡ್ ಎರಡನ್ನೂ ಒಟ್ಟಿಗೇ ನಿರ್ಧರಿಸಬೇಕು. ಯಾವ ಬಗೆಯ ರ‍್ಯಾಮ್ ಎಂಬುದನ್ನು ಬೋರ್ಡೇ ಹೇಳುತ್ತದೆ. ಕಂಪನಿಯ ಅಭಿಮಾನಕ್ಕಿಂತ ತನ್ನ ಕೆಲಸ, ತನ್ನ ಜೇಬು ನೋಡಿ ಆರಿಸುವುದು ಜಾಣತನ. ಎರಡನೆಯ ಕಂಪನಿ ಉಳಿದದ್ದರಿಂದಲೇ ಅವನಿಗೆ ಆರಿಸಲು ಏನಾದರೂ ಉಳಿದಿದೆ.