ಕೊರಳ ಪರೀಕ್ಷೆಗೆ ಹೋಗುವ ನಮ್ಮ ಮಕ್ಕಳು

(ತಾಲ್ಲೂಕು ಕಾರ್ಯಕರ್ತರ ಶಿಬಿರದಲ್ಲಿ ಆಡಿದ ಮಾತು. ಕೇಳಿದವರ ಒತ್ತಾಯಕ್ಕೆ ಬರೆದುಕೊಟ್ಟದ್ದು.)



ನನಗೆ ಕೊಟ್ಟ ವಿಷಯ 'ಶಿಕ್ಷಣ ಮತ್ತು ದಲಿತ ಯುವಜನ'. ಇದರ ಮೇಲೆ ಮಾತಾಡೋದು ಸುಲಭ. ನಾಲ್ಕು ಘೋಷಣೆ ಕೂಗಿದರೆ ನೀವು ಚಪ್ಪಾಳೆ ಹೊಡೀತೀರಿ, ನಾನು ಕೆಳಗಿಳಿದು ಟೀ ಕುಡೀತೀನಿ. ಇವತ್ತು ಅದು ಬೇಡ. ಇವತ್ತು ಒಂದು ಕೋಣೆಯ ಬಗ್ಗೆ ಮಾತ್ರ ಮಾತಾಡ್ತೀನಿ. ಆ ಕೋಣೆಯಲ್ಲಿ ಒಂದು ಜಮಖಾನ, ಒಂದು ತಂಬೂರಿ, ಮೂರು ಜನ ಪರೀಕ್ಷಕರು. ಎದುರಿಗೆ ನಮ್ಮ ಕೇರಿಯ ಹದಿನೆಂಟು ವರ್ಷದ ಹುಡುಗಿ. ಸಂಗೀತದ ಪದವಿಗೆ ಸೇರಿಸಿಕೊಳ್ಳುವ ಮೊದಲು ಕೊರಳು ನೋಡುತ್ತಾರಲ್ಲ, ಆ ಕೋಣೆ.

ಆ ಹುಡುಗಿ ನನ್ನ ತಂಗಿ.

ಬೇರೆ ಪರೀಕ್ಷೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಬರೆಯುವ ಪರೀಕ್ಷೆಯಲ್ಲಿ ಉತ್ತರಪತ್ರಿಕೆಗೆ ನಂಬರ್ ಇರುತ್ತೆ, ಮುಖ ಇರೋದಿಲ್ಲ. ಇಲ್ಲಿ ಮುಖ ಇರುತ್ತೆ, ಹೆಸರಿರುತ್ತೆ, ಮಾತಿನ ಧಾಟಿ ಇರುತ್ತೆ, ನಿಮ್ಮಪ್ಪ ಏನು ಮಾಡ್ತಾರೆ ಅನ್ನೋ ಪ್ರಶ್ನೆ ಇರುತ್ತೆ. ಹಾಡು ಶುರುವಾಗೋ ಹೊತ್ತಿಗೆ ಅರ್ಧ ತೀರ್ಪು ಆಗಿಹೋಗಿರುತ್ತೆ.

ನಮ್ಮ ಹುಡುಗಿ ಜಾಥಾಗಳಲ್ಲಿ ಹಾಡಿ ಬೆಳೆದವಳು. ಮೈಕು ಕೆಟ್ಟರೂ ಕೊನೆಯ ಸಾಲಿಗೆ ಕೇಳೋ ಕೊರಳು. ಇಲ್ಲಿ ಕೂತಿರೋ ಬಹಳ ಜನ ಆ ಕೊರಳು ಕೇಳಿದ್ದೀರಿ. ಹೋದ ವರ್ಷ ಪಿಯುಸಿ ಮುಗಿಸಿ, ನಾನು ಸಂಗೀತಾನೇ ಓದ್ತೀನಿ ಅಂದಳು. ಅರ್ಜಿ ಹಾಕಿದೆವು. ಅಪ್ಪ ಜೊತೆಗೆ ಹೋದ. ನಮ್ಮಪ್ಪ ತಮಟೆಯವನು. ಸಾವಿಗೆ, ಹಬ್ಬಕ್ಕೆ, ಊರು ಸಾರೋದಕ್ಕೆ ಮೂವತ್ತು ವರ್ಷ ತಮಟೆ ಹೊಡೆದ ಕೈ ಅದು. ಕಾಲೇಜಿನ ಗೇಟಿನಲ್ಲಿ ಅಪ್ಪ ಚಪ್ಪಲಿ ಬಿಟ್ಟ. ಬಿಡು ಅಂತ ಯಾರೂ ಹೇಳಿರಲಿಲ್ಲ. ಬಾಗಿಲಲ್ಲಿದ್ದ ಜವಾನನಿಗೆ "ಬುದ್ಧೀ, ಪರೀಕ್ಷೆ ಎಲ್ಲಿ" ಅಂತ ಕೇಳಿದ. ಆಮೇಲೆ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ. ಮೂರು ಗಂಟೆ ನಿಂತೇ ಇದ್ದ.

ಒಳಗೆ ಕೇಳಿದ್ದು ಮೊದಲು ರಾಗ ಅಲ್ಲ. "ಯಾರ ಹತ್ತಿರ ಪಾಠ?" ಅಂದರು. ಯಾರೂ ಇಲ್ಲ ಅಂದಳು. "ಮನೇಲಿ ಸಂಗೀತ ಇದೆಯಾ?" ಅಂದರು. "ಅಪ್ಪ ತಮಟೆ ಹೊಡೀತಾರೆ" ಅಂದಳು. ಒಬ್ಬರು ನಕ್ಕರಂತೆ. ಆಮೇಲೆ ಸರಳೆ ವರಸೆ ಮೂರು ಕಾಲದಲ್ಲಿ ಹಾಡು ಅಂದರು. ಅದು ಏನು ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹೋರಾಟದ ಹಾಡು, ಅದನ್ನೇ ಹಾಡಿದಳು. "ಕೊರಳು ಚೆನ್ನಾಗಿದೆ, ಸಂಸ್ಕಾರ ಇಲ್ಲ" ಅಂದರು. ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಈಗ ನನ್ನ ತಪ್ಪು ಹೇಳಬೇಕು. 'ಸಂಸ್ಕಾರ ಇಲ್ಲ' ಅನ್ನೋ ಮಾತು ಕೇಳಿದ ರಾತ್ರಿಯೇ ನಾನು ಒಂದು ಪದ್ಯ ಬರೆದೆ. ಬೆಂಕಿಯಂಥ ಪದ್ಯ. ಐದಾರು ಸಭೆಯಲ್ಲಿ ಓದಿದೆ, ಇದೇ ಪತ್ರಿಕೆಯಲ್ಲಿ ಅಚ್ಚಾಯಿತು, ನೀವೆಲ್ಲ ಬೆನ್ನು ತಟ್ಟಿದಿರಿ. ಒಂದು ದಿನ ತಂಗಿ ಹೇಳಿದಳು: "ಅಣ್ಣ, ನಾನು ಸೋತಿದ್ದನ್ನ ನೀನು ಊರೂರಲ್ಲಿ ಓದ್ತಾ ಇದೀಯ. ನಂಗೆ ಪದ್ಯ ಬೇಡ. ಸರಳೆ ವರಸೆ ಹೇಳಿಕೊಡೋರನ್ನ ಹುಡುಕಿಕೊಡು."

ಗೆಳೆಯರೇ, ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಬಿ.ಎ. ಓದಿದವನು, ಪುರೋಹಿತಶಾಹಿ ಅಂದರೆ ಏನು ಅಂತ ಒಂದು ಗಂಟೆ ಮಾತಾಡಬಲ್ಲೆ. ಆದರೆ ಅರ್ಜಿ ಹಾಕುವ ಮೊದಲು, ಆ ಕೋಣೆಯಲ್ಲಿ ಏನು ಕೇಳ್ತಾರೆ ಅಂತ ವಿಚಾರಿಸಿಕೊಂಡು ಬರೋ ಕೆಲಸ ನಾನು ಮಾಡಿರಲಿಲ್ಲ. ಮೇಲ್ಜಾತಿಯ ಮನೆಯಲ್ಲಿ ಆ ಕೆಲಸ ಯಾರೂ ಮಾಡಬೇಕಾಗಿಲ್ಲ, ಅಲ್ಲಿ ಮಗು ತೊಟ್ಟಿಲಲ್ಲೇ ಕೇಳಿಸಿಕೊಂಡಿರುತ್ತೆ. ಅವರು ಅದಕ್ಕೆ ಸಂಸ್ಕಾರ ಅಂತ ಹೆಸರಿಟ್ಟಿದ್ದಾರೆ. ನಾನು ಅದಕ್ಕೆ ಮೊದಲೇ ಸಿಕ್ಕಿದ ಪ್ರಶ್ನೆಪತ್ರಿಕೆ ಅಂತೀನಿ.

ಆ ಪ್ರಶ್ನೆಪತ್ರಿಕೆಯಲ್ಲಿ ಏನಿದೆ, ಬರೆದುಕೊಳ್ಳಿ. ಮೊದಲು ಶ್ರುತಿ. ತಂಬೂರಿಯ ಸ, ಪ ಕೇಳಿ ಅದರ ಜೊತೆಗೆ ಕೊರಳು ಕೂಡಬೇಕು. ಆಮೇಲೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರ. ಒಂದೇ ಪಾಠವನ್ನ ಮೂರು ಕಾಲದಲ್ಲಿ, ಅಂದರೆ ಮೊದಲು ನಿಧಾನ, ಆಮೇಲೆ ಅದರ ಎರಡರಷ್ಟು ವೇಗ, ಆಮೇಲೆ ನಾಲ್ಕರಷ್ಟು. ಕೈ ಮಾತ್ರ ಒಂದೇ ವೇಗದಲ್ಲಿ ತಾಳ ಹಾಕ್ತಾ ಇರಬೇಕು. ಆದಿತಾಳಕ್ಕೆ ಎಂಟು ಎಣಿಕೆ: ಒಂದು ಪೆಟ್ಟು, ಮೂರು ಬೆರಳು, ಮತ್ತೆ ಒಂದು ಪೆಟ್ಟು ಒಂದು ತಿರುವು, ಒಂದು ಪೆಟ್ಟು ಒಂದು ತಿರುವು. ಆಮೇಲೆ ಗೀತೆ, ವರ್ಣ, ಒಂದೆರಡು ಕೃತಿ ಅಥವಾ ದೇವರನಾಮ. ಇದರಲ್ಲಿ ಹುಟ್ಟಿನಿಂದ ಬರೋದು ಒಂದೂ ಇಲ್ಲ. ಎಲ್ಲ ಕಲಿತರೆ ಬರುತ್ತೆ.

ಪಟ್ಟಣದಲ್ಲಿ ನಿವೃತ್ತರಾದ ಒಬ್ಬ ಸಂಗೀತದ ಮೇಡಂ ಸಿಕ್ಕರು. ಜಾತಿ ಕೇಳಲಿಲ್ಲ, ಸಂಬಳ ಕೇಳಿದರು. ಅದೇ ದೊಡ್ಡದು. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಗಿದ್ದರಿಂದ ವಾರಕ್ಕೆ ಮೂರು ಸಲ ಹೋಗಿಬರೋದು ಸಾಧ್ಯ ಆಯ್ತು. ಪಾಠದ ದುಡ್ಡಿಗೆ ಅವ್ವ ಎರಡು ಕುರಿ ಮಾರಿದಳು. ತಂಬೂರಿಯ ಶ್ರುತಿ ಈಗ ಮೊಬೈಲಿನಲ್ಲೇ ಬರುತ್ತೆ. ಆದರೆ ಹಾಡೋದಕ್ಕೆ ಜಾಗ ಬೇಕಲ್ಲ? ಒಂದೇ ಕೋಣೆಯ ಮನೆ, ಪಕ್ಕದ ಮನೆಯ ಟೀವಿ. ಬೆಳಗ್ಗೆ ಐದಕ್ಕೆ ಕೆರೆ ಏರಿ ಮೇಲೆ ಹೋಗಿ ಹಾಡ್ತಿದ್ದಳು. ಅಪ್ಪ ಬ್ಯಾಟರಿ ಹಿಡಿದು ಜೊತೆಗೆ ಹೋಗ್ತಿದ್ದ.

ಅಲ್ಲೇ ಒಂದು ಸಂಗತಿ ನಡೀತು. ಮೂರನೇ ಕಾಲಕ್ಕೆ ಬಂದರೆ ಅವಳ ತಾಳ ತಪ್ಪುತ್ತಿತ್ತು. ಮೇಡಂ ಎಷ್ಟು ಹೇಳಿಕೊಟ್ಟರೂ ತಪ್ಪುತ್ತಿತ್ತು. ಒಂದು ದಿನ ಅಪ್ಪ ಏರಿ ಕಲ್ಲಿನ ಮೇಲೆ ಎರಡು ಕಡ್ಡಿ ಹಿಡಿದು ಕೂತ. "ನೀನು ನನ್ನ ಪೆಟ್ಟು ಕೇಳ್ಬ್ಯಾಡ ಮಗ, ಎರಡು ಪೆಟ್ಟಿನ ನಡುವೆ ಖಾಲಿ ಐತಲ್ಲ, ಅದನ್ನ ಕೇಳು" ಅಂದ. ಹದಿನೈದು ದಿನ. ಆಮೇಲೆ ತಪ್ಪಲಿಲ್ಲ. ಮೇಡಂ ಕೇಳಿದರಂತೆ, ಯಾರಮ್ಮ ಹೇಳಿಕೊಟ್ಟದ್ದು ಅಂತ. ಮನೇಲಿ ಸಂಗೀತ ಇದೆಯಾ ಅಂತ ಹೋದ ವರ್ಷ ಕೇಳಿದ್ದರಲ್ಲ, ಇತ್ತು. ಅವಳಿಗೂ ಗೊತ್ತಿರಲಿಲ್ಲ, ನಮ್ಮಪ್ಪನಿಗೂ ಗೊತ್ತಿರಲಿಲ್ಲ.

ಈಗ ನಮ್ಮವರ ಮಾತಿಗೆ ಬರ್ತೀನಿ. ಕೇರಿಯಲ್ಲಿ ಹಿರಿಯರು, "ಬ್ರಾಂಬ್ರ ಹಾಡು ನಮಗ್ಯಾಕಪ್ಪ, ನರ್ಸಿಂಗ್ ಓದ್ಸು, ಅನ್ನ ಆಯ್ತದೆ" ಅಂದರು. ಅವರ ಮಾತಿನಲ್ಲಿ ಹಸಿವು ಇದೆ, ಅದನ್ನ ತಳ್ಳಿಹಾಕಲಾರೆ. ಆದರೆ ನಮ್ಮ ಸಂಘದ ಕೆಲವು ಗೆಳೆಯರು, "ಅದು ಶೋಷಕರ ಸಂಗೀತ, ನಮಗೆ ತಮಟೆ ಇದೆ" ಅಂದರು. ಇವರಿಗೆ ಉತ್ತರ ಕೊಡಬೇಕು.

ಆ ಮೃದಂಗ ಇದೆಯಲ್ಲ, ಅದಕ್ಕೆ ಹಸುವಿನ, ಆಡಿನ, ಎಮ್ಮೆಯ ಮೂರು ಚರ್ಮ ಬೇಕು. ಬಲಗಡೆಯ ಕಪ್ಪು ಕರಣೆಯನ್ನ ಪದರ ಪದರವಾಗಿ ಉಜ್ಜಿ ಕೂರಿಸಬೇಕು. ಆ ಕೆಲಸ ಮಾಡಿದ ಕೈ ಯಾವುದು? ತಮಿಳುನಾಡಿನಲ್ಲಿ ತಲೆಮಾರುಗಳಿಂದ ಮೃದಂಗ ಮಾಡಿದವರಲ್ಲಿ ಬಹಳ ಜನ ದಲಿತ ಕ್ರೈಸ್ತರು. ಅವರ ಬಗ್ಗೆ ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಪುಸ್ತಕ ತಂದರು. ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಸಭಾಂಗಣ ಕೊಡ್ತೀವಿ ಅಂದು, ಆಮೇಲೆ ಅನುಮತಿ ಹಿಂತೆಗೆದುಕೊಂಡಿತು. ವಾದ್ಯ ವೇದಿಕೆ ಮೇಲೆ ಹೋಗಬಹುದು, ಅದನ್ನ ಮಾಡಿದವನ ಕತೆ ಹೋಗೋ ಹಾಗಿಲ್ಲ! ನಮ್ಮ ಚರ್ಮದ ಕೆಲಸದ ಮೇಲೆ ನಿಂತ ಸಂಗೀತವನ್ನ ಅವರದು ಅಂತ ನಾವೇ ಬರೆದುಕೊಟ್ಟರೆ, ಅದು ಬಂಡಾಯ ಅಲ್ಲ, ದಾನ.

ತಮಟೆಯ ಮಾತು ಬೇರೆ. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಸಂತೋಷ. ಆದರೆ ತಮಟೆಯವನ ಮಗಳು ತಮಟೆಯನ್ನೇ ಹಿಡೀಬೇಕು ಅಂತ ನಾವು ಹೇಳಿದರೆ, ಮನುವಿಗೂ ನಮಗೂ ಏನು ವ್ಯತ್ಯಾಸ? ಬಾಬಾಸಾಹೇಬರು ಸಂಸ್ಕೃತ ಓದಬೇಕು ಅಂದಾಗ, ಅಸ್ಪೃಶ್ಯ ಹುಡುಗ ಅಂತ ಶಾಲೆಯಲ್ಲಿ ಬಿಡಲಿಲ್ಲ, ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಅವರು ಸುಮ್ಮನಾಗಲಿಲ್ಲ, ಆಮೇಲೆ ತಾವೇ ಸಂಸ್ಕೃತ ಕಲಿತರು. ದೊಡ್ಡವರಾದ ಮೇಲೆ ಪಿಟೀಲು ಕಲಿಯಲಿಕ್ಕೂ ಕೂತವರು ಅವರು.

ಅವ್ವಂದಿರೇ, ಅಪ್ಪಂದಿರೇ, ಬಾಬಾಸಾಹೇಬರ ಫೋಟೋ ನಮ್ಮೆಲ್ಲರ ಮನೆಯಲ್ಲಿದೆ. ಅವರ ಅಪ್ಪ ರಾಮಜಿ ಸುಬೇದಾರರ ನೆನಪು ಎಷ್ಟು ಜನಕ್ಕಿದೆ? ಮುಂಬೈಯ ಪರೇಲಿನಲ್ಲಿ ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ಮಲಗೋದು. ಮಗ ಬೇಗ ಮಲಗ್ತಿದ್ದ, ಅಪ್ಪ ರಾತ್ರಿ ಎರಡು ಗಂಟೆ ತನಕ ಎದ್ದಿದ್ದು ಅವನನ್ನ ಎಬ್ಬಿಸಿ, ಓದೋಕೆ ಕೂರಿಸಿ, ಆಮೇಲೆ ತಾವು ಮಲಗ್ತಿದ್ದರು. ಮಗನಿಗೆ ಪುಸ್ತಕ ಬೇಕು ಅಂದರೆ, ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಒಡವೆ ಇಸ್ಕೊಂಡು ಹೋಗಿ ಅಡವಿಟ್ಟರು. ಆ ಅಪ್ಪ ಭಾಷಣ ಮಾಡಲಿಲ್ಲ. ಎದ್ದು ಕೂತರು.

ಇನ್ನೊಬ್ಬ ತಾಯಿ ಅಂಬಾಬಾಯಿ, ಗಂಗೂಬಾಯಿ ಹಾನಗಲ್ಲರ ತಾಯಿ. ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಧಾಟಿ ಮಗಳ ಕೊರಳಿಗೆ ಅಡ್ಡ ಬರಬಾರದು ಅಂತ ತನ್ನ ಹಾಡನ್ನೇ ನಿಲ್ಲಿಸಿದವಳು. ಆ ಮಗಳು 1924ರಲ್ಲಿ, ಇನ್ನೂ ಹುಡುಗಿ, ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧಿಯ ಮುಂದೆ ಹಾಡಿದಳು. ಅದೇ ಗಂಗೂಬಾಯಿಯನ್ನ ಬೀದಿಯಲ್ಲಿ ಹಂಗಿಸಿದವರೂ ಇದ್ದರು. ಮೈಸೂರಿನಲ್ಲಿ ಈಗ ಆಕೆಯ ಹೆಸರಿನಲ್ಲೇ ಸಂಗೀತ ವಿಶ್ವವಿದ್ಯಾಲಯ ಇದೆ.

ಮೊನ್ನೆ ತಂಗಿ ಎರಡನೇ ಸಲ ಪರೀಕ್ಷೆಗೆ ಹೋದಳು. ಹಿಂದಿನ ರಾತ್ರಿ ಅವಳಿಗೆ ಜ್ವರ ಬಂದಿತ್ತು. ಭಯದ ಜ್ವರ. ಹೋಗೋಲ್ಲ ಅಂತ ಅತ್ತಳು. ಅವ್ವ ಒಂದೇ ಮಾತು ಹೇಳಿದಳು: "ಹೋಗ್ದೆ ಇದ್ರೂ ನೀನು ನನ್ ಮಗಳೇ. ಹೋಗಿ ಸೋತ್ರೂ ನನ್ ಮಗಳೇ. ಈಗ ಗಂಜಿ ಕುಡ್ದು ಮಲ್ಗು." ಬೆಳಗ್ಗೆ ತಾನೇ ಎದ್ದು ಹೊರಟಳು. ಗೇಟಿನಲ್ಲಿ ಅಪ್ಪ ಚಪ್ಪಲಿ ಬಿಡೋಕೆ ಬಗ್ಗಿದ. ಅವಳು ತೋಳು ಹಿಡಿದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋಗಿ, ಜವಾನನಿಗೆ 'ಸಾರ್' ಅಂದು, ಬೆಂಚಿನ ಮೇಲೆ ಕೂತ. ಒಳಗೆ ಅದೇ ಪ್ರಶ್ನೆ ಬಂತು, ನಿಮ್ಮಪ್ಪ ಏನು ಮಾಡ್ತಾರೆ? "ತಮಟೆ ವಾದಕರು. ನನ್ನ ತಾಳ ತಿದ್ದಿದವರು ಅವರೇ" ಅಂದಳು. ಮೂರು ಕಾಲವನ್ನೂ ಹಾಡಿದಳು.

ಪಟ್ಟಿ ಇನ್ನೂ ಹಚ್ಚಿಲ್ಲ. ಬರುತ್ತೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ಈ ಸಲ ನಾನು ಪದ್ಯ ಬರೆಯೋದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಕಟ್ಟಿ, ಶ್ರುತಿಗೆ ಎಷ್ಟು, ತಾಳಕ್ಕೆ ಎಷ್ಟು, ಯಾರು ಎಷ್ಟು ಅಂಕ ಕೊಟ್ಟರು ಅಂತ ಕೇಳ್ತೀನಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಮೀಸಲು ಸೀಟಿನ ಮುಂದೆ 'ಅರ್ಹರಿಲ್ಲ' ಅಂತ ಬರೆದಿದ್ದರೆ, ಅರ್ಹತೆಯನ್ನ ಯಾವ ಕೋಲಿನಿಂದ ಅಳೆದಿರಿ, ಆ ಕೋಲು ತೋರಿಸಿ ಅಂತ ಕೇಳ್ತೀನಿ.

ಸಂಘಕ್ಕೆ ನನ್ನ ಬೇಡಿಕೆ ಮೂರು. ಒಂದು, ಬೀಗ ಹಾಕಿರೋ ಅಂಬೇಡ್ಕರ್ ಭವನದಲ್ಲಿ ಭಾನುವಾರ ಸಂಗೀತದ ಪಾಠ ಶುರುಮಾಡಬೇಕು. ಮೇಡಂ ಬರ್ತೀನಿ ಅಂದಿದ್ದಾರೆ, ಬಸ್ಸಿನಿಂದ ಕರೆದುಕೊಂಡು ಬರೋ ಒಬ್ಬರು ಬೇಕು. ಎರಡು, ಯಾವ ಮಗು ಯಾವ ಕಾಲೇಜಿನ ಸಂದರ್ಶನಕ್ಕೆ ಹೋದರೂ ಸಂಘದ ಒಬ್ಬ ಓದಿದ ಹುಡುಗ ಅಥವಾ ಹುಡುಗಿ ಹಿಂದಿನ ವಾರವೇ ಹೋಗಿ ಏನು ಕೇಳ್ತಾರೆ ಅಂತ ತಿಳಿದುಕೊಂಡು ಬರಬೇಕು. ಮೂರು, ನಮ್ಮ ಮಕ್ಕಳ ಸೋಲನ್ನ ಅವರ ಅಪ್ಪಣೆ ಇಲ್ಲದೆ ನಾವು ವೇದಿಕೆಗೆ ತರಬಾರದು. ಇವತ್ತು ಇಷ್ಟು ಮಾತಾಡೋಕೆ ನಾನು ತಂಗಿಯ ಅಪ್ಪಣೆ ಕೇಳಿದೆ. "ಹೇಳು, ಹೆಸರು ಮಾತ್ರ ಬೇಡ. ಅಪ್ಪನ ವಿಷಯ ಬಿಡಬ್ಯಾಡ" ಅಂದಳು.

ಬಿಟ್ಟಿಲ್ಲ ಕಣವ್ವ.

ಭಾನುವಾರದ ಪಾಠಕ್ಕೆ ಮಕ್ಕಳ ಹೆಸರು ಬರೆಸೋರು ಆಚೆ ಬಾಗಿಲ ಹತ್ತಿರ ಪುಸ್ತಕ ಇಟ್ಟಿದ್ದೀವಿ, ಬರೆಸಿ ಹೋಗಿ. ಜೈ ಭೀಮ್.