ಬತ್ತಿದ ಕಣ್ಣಿಗೆ ತನ್ನದೇ ನೀರು



ಸ್ವೀಡನ್ ದೇಶದ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ನರು 1933ರಲ್ಲಿ ಬರೆದ ಪ್ರೌಢಪ್ರಬಂಧದಲ್ಲಿ, ಕಣ್ಣು ಬತ್ತಿ, ಬಾಯಿ ಒಣಗಿ, ಹಲವರಿಗೆ ಕೀಲುಗಳೂ ಬಾತು ನರಳುತ್ತಿದ್ದ 19 ಮಂದಿ ಸ್ತ್ರೀಯರ ವೃತ್ತಾಂತವಿದೆ. ಶರೀರದ ರಕ್ಷಕಕಣಗಳೇ ಅಶ್ರುಗ್ರಂಥಿಯ ಮೇಲೆರಗಿ ಅದನ್ನು ಕೆಡಿಸುವ ಆ ವ್ಯಾಧಿಗೆ ಇಂದು ಅವರ ಹೆಸರೇ ನಿಂತಿದೆ. ಇಂಥ ರೋಗಿಗಳಿಗೆ ವೈದ್ಯರು ಬಹುಕಾಲ ಕೊಟ್ಟುದು ಕೃತಕಾಶ್ರುವಿನ ಹನಿಗಳನ್ನು. ಅದು ಉಪಕಾರವೇ ಸರಿ, ಆದರೆ ನಿಜವಾದ ಕಣ್ಣೀರು ಬರಿಯ ಉಪ್ಪುನೀರಲ್ಲ. ಅಲೆಕ್ಸಾಂಡರ್ ಫ್ಲೆಮಿಂಗರು 1922ರಲ್ಲಿ ಲೋಕಕ್ಕೆ ತಿಳಿಸಿದ ಲೈಸೋಜೈಮ್ ಎಂಬ ಸೂಕ್ಷ್ಮಾಣುನಾಶಕವೂ, ಕಾರ್ನಿಯಾದ ಗಾಯವನ್ನು ಮಾಯಿಸುವ ವೃದ್ಧಿಕಾರಕಗಳೂ ಅದರಲ್ಲಿ ಬೆರೆತಿರುವುದರಿಂದ, ಸೀಸೆಯಿಂದ ಹನಿಸುವುದಕ್ಕಿಂತ ಗ್ರಂಥಿಯಿಂದಲೇ ಕರೆಯುವುದು ಮೇಲೆಂದು ನಾನು ದೃಢವಾಗಿ ನಂಬಿದ್ದೇನೆ.

ಕರೆಯುವುದೆಂತು? ಕಣ್ಣಿಗೆ ಧೂಳು ಬಿದ್ದೊಡನೆ ಅದರ ವಾರ್ತೆ ಮಿದುಳಿಗೆ ಮುಟ್ಟಿ, ಅಲ್ಲಿಂದ ಹೊರಟ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ಸಂದೇಶದ್ರವ್ಯವು ಸ್ರವಿಸಿ, ಗ್ರಂಥಿಯ ಜೀವಕಣಗಳನ್ನು ಪ್ರಚೋದಿಸುತ್ತದೆ. ಪೈಲೋಕಾರ್ಪಿನ್ ಗುಳಿಗೆಯು ಇದನ್ನೇ ಅನುಕರಿಸುವುದಾದರೂ, ರಕ್ತದೊಡನೆ ದೇಹವನ್ನೆಲ್ಲ ಸುತ್ತುವ ಕಾರಣ ರೋಗಿಯು ಬೆವರಿನಲ್ಲಿ ತೊಯ್ಯುವುದುಂಟು. 2021ರಲ್ಲಿ ಅಮೆರಿಕವು ಅಂಗೀಕರಿಸಿದ ಉಪಾಯ ಇದಕ್ಕಿಂತ ಸೂಕ್ಷ್ಮವಾದುದು: ಧೂಮಪಾನದ ಚಟ ಬಿಡಿಸಲು ಬಳಸುತ್ತಿದ್ದ ವಾರೆನಿಕ್ಲಿನ್ ಔಷಧವನ್ನು ಮೂಗಿನೊಳಗೆ ಸಿಂಪಡಿಸಿದರೆ, ಅಲ್ಲಿಯ ನರತಂತುಗಳು ಎಚ್ಚತ್ತು, ಕಣ್ಣನ್ನು ಮುಟ್ಟದೆಯೇ ಕಣ್ಣೀರು ಹೊರಡುತ್ತದೆ. ಬಹುಮಂದಿಗೆ ಸೀನು ಬರುವುದು ಅದರ ಮುಖ್ಯ ಉಪದ್ರವ.

ಹಾರ್ಮೋನುಗಳ ವಿಷಯದಲ್ಲಿ ಅಷ್ಟು ಧೈರ್ಯವಾಗಿ ನುಡಿಯಲಾರೆ. ಪುರುಷರಲ್ಲಿ ಅಧಿಕವಾಗಿಯೂ ಸ್ತ್ರೀಯರಲ್ಲಿ ಅಲ್ಪವಾಗಿಯೂ ಇರುವ ಆಂಡ್ರೋಜನ್, ಅಶ್ರುಗ್ರಂಥಿಯನ್ನೂ ರೆಪ್ಪೆಯಂಚಿನ ಸ್ನೇಹಗ್ರಂಥಿಗಳನ್ನೂ ಪೋಷಿಸುವುದು ನಿಜ. ಮುಟ್ಟು ನಿಂತ ಸ್ತ್ರೀಯರಲ್ಲಿ ಕಣ್ಣು ಬತ್ತುವ ಬಾಧೆ ಹೆಚ್ಚೆಂಬುದೂ ನಿಜ. ಆದರೆ ಆ ವಯಸ್ಸಿನಲ್ಲಿ ಕುಂದುವ ಈಸ್ಟ್ರೋಜನನ್ನು ಮಾತ್ರ ಸೇವಿಸಿದವರ ಕಣ್ಣು ಒಣಗುವುದು ಮತ್ತೂ ಹೆಚ್ಚೆಂದು 2001ರ ಅಮೆರಿಕದ ಅಧ್ಯಯನವೊಂದು ತೋರಿಸಿತಾಗಿ, ಕುಂದಿದುದನ್ನು ತುಂಬಿದರೆ ಸಾಕೆಂಬ ಸರಳ ತರ್ಕ ಇಲ್ಲಿ ನಡೆಯದು.

ಇನ್ನು, ಗ್ರಂಥಿಯೇ ಬಹುಮಟ್ಟಿಗೆ ನಾಶವಾದವರ ಗತಿಯೇನು? ಜಪಾನಿನಲ್ಲಿ 2010ರಲ್ಲಿ ಅಂಗೀಕೃತವಾದ ಡಿಕ್ವಾಫೊಸಾಲ್ ಎಂಬ ಹನಿಮದ್ದು ಗ್ರಂಥಿಯ ಹಂಗಿಗೆ ಹೋಗದೆ, ಕಣ್ಣಿನ ಬಿಳಿಯ ಭಾಗವನ್ನು ಹೊದೆದಿರುವ ತೆಳುಪೊರೆಯ ಜೀವಕಣಗಳಿಗೇ ಸಂಜ್ಞೆಯಿತ್ತು, ಅವುಗಳಿಂದ ನೀರನ್ನೂ, ಆ ನೀರು ಕಾರ್ನಿಯಾದ ಮೇಲೆ ಹರಡಿ ನಿಲ್ಲಲು ಬೇಕಾದ ಲೋಳೆಯನ್ನೂ ಹೊರಡಿಸುತ್ತದೆ. ಮೊದಲು ಬಂದ ರೂಪದಲ್ಲಿ ದಿನಕ್ಕೆ 6 ಬಾರಿ ಹಾಕಬೇಕಾಗಿದ್ದ ಈ ಮದ್ದಿನ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚಿನ ಭರವಸೆಯಿದೆ.