ಓದಿ ಮುಗಿದ ಪುಸ್ತಕ ಯಾರ ಕೈಗೆ ಹೋಗ್ಬೇಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಮೆಟ್ರೋದಲ್ಲಿ ನಿಂತು ಕೇಳ್ತಿದ್ದೀರೋ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಸರಿ, ನಿಮ್ಮ ರೂಮಲ್ಲಿರೋ ಪುಸ್ತಕಗಳನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. ಓದಿ ಮುಗಿಸಿದ್ದು ಎಷ್ಟಿವೆ? ಅದರಲ್ಲಿ ಎರಡನೇ ಸಲ ಕೈಗೆ ತಗೊಂಡಿದ್ದು ಎಷ್ಟು? ನನ್ನ ಲೆಕ್ಕ ಹೇಳ್ತೀನಿ. ಎರಡು ವರ್ಷದ ಹಿಂದೆ ಮನೆ ಬದಲಾಯಿಸುವಾಗ ರಟ್ಟಿನ ಡಬ್ಬಗಳಿಗೆ ತುಂಬಿಸ್ತಾ ತುಂಬಿಸ್ತಾ ಎಣಿಸಿದೆ. 160 ಚಿಲ್ಲರೆ ಪುಸ್ತಕ. ಎರಡನೇ ಸಲ ಓದಿದ್ದು 14. ಉಳಿದಿದ್ದನ್ನೆಲ್ಲ ನಾನು ಮೂರು ಬಾಡಿಗೆ ಮನೆಗಳಿಗೆ ಹೊತ್ಕೊಂಡು ತಿರುಗಿದ್ದೆ, ಅಷ್ಟೇ.

ಆವತ್ತಿಂದ ಒಂದು ಅಭ್ಯಾಸ ಶುರು ಮಾಡಿದೆ. ಒಂದು ಪುಸ್ತಕ ತುಂಬಾ ಇಷ್ಟ ಆಯ್ತಾ, ಓದಿ ಮುಗಿದ ವಾರದಲ್ಲೇ ಯಾರಾದ್ರೂ ಗೆಳೆಯರಿಗೆ ಕೊಟ್ಟುಬಿಡೋದು. ಸಾಲ ಅಲ್ಲ, ಕೊಟ್ಟುಬಿಡೋದು. ವಾಪಸ್ ಕೇಳಲ್ಲ ಅಂತ ಮೊದಲೇ ಹೇಳೋದು. ಓದಾದ್ಮೇಲೆ ನೀನೂ ಇನ್ನೊಬ್ಬರಿಗೆ ಕೊಡು ಅಂತ ಮಾತ್ರ ಕೇಳ್ಕೊಳ್ಳೋದು. ಕೊನೇ ಪುಟದಲ್ಲಿ ಹೆಸರು, ಊರು, ಓದಿದ ತಿಂಗಳು ಬರೆದು ಕಳಿಸೋದು. ಇವತ್ತು ಇದರ ಬಗ್ಗೆನೇ ಮಾತು. ಈ ವಿಷಯದಲ್ಲಿ ನಾನೇ ಮಾತು ತಪ್ಪಿದ ಕಥೆನೂ ಒಂದಿದೆ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು, ಸಾಲ ಯಾಕೆ ಬೇಡ? ಪುಸ್ತಕ, ಹಣ ಇವೆಲ್ಲ ಪರರ ಕೈಗೆ ಹೋದ್ರೆ ಹೋದಂಗೇ ಅಂತ ಸಂಸ್ಕೃತದಲ್ಲಿ ಒಂದು ಹಳೇ ಮಾತಿದೆ. ಆ ಪಟ್ಟಿಯಲ್ಲಿ ಹೆಂಗಸರನ್ನೂ ಸೇರಿಸಿದ್ದಾರೆ, ಅದು ಬೇರೆಯದೇ ಜಗಳ, ಇನ್ನೊಂದು ಸಂಚಿಕೆಗೆ ಇಟ್ಕೊಳ್ಳೋಣ. ಆದ್ರೆ ಪುಸ್ತಕದ ವಿಷಯದಲ್ಲಿ ಆ ಮಾತು ಸುಳ್ಳಲ್ಲ. ಸಾಲ ಕೊಟ್ಟ ಪುಸ್ತಕ ಇಬ್ಬರ ಮಧ್ಯೆ ಮುಳ್ಳಿನ ಥರ ಕೂತಿರುತ್ತೆ. ಕೊಟ್ಟವರಿಗೆ ಕೇಳೋಕೆ ಸಂಕೋಚ, ತಗೊಂಡವರಿಗೆ ಓದಿಲ್ಲ ಅಂತ ಹೇಳೋಕೆ ಸಂಕೋಚ. ಕಾಲೇಜಲ್ಲಿ ನನ್ನ ಜೊತೆಗಿದ್ದ ಒಬ್ಬಳು, ನನ್ನ ಒಂದು ಕಥಾಸಂಕಲನ ತಗೊಂಡು ಹೋದವಳು, ಆರು ತಿಂಗಳು ನನ್ನನ್ನ ಕಂಡ್ರೆ ಕ್ಯಾಂಟೀನಿನ ಇನ್ನೊಂದು ಬಾಗಿಲಿಂದ ಹೋಗ್ತಿದ್ಲು. ಕಾರಣ ಏನು? ನಾನು ಸಿಕ್ಕಿದಾಗೆಲ್ಲ "ಓದಿದ್ಯಾ?" ಅಂತಿದ್ದೆ. 90 ರೂಪಾಯಿ ಪುಸ್ತಕಕ್ಕೆ ಒಂದು ಸ್ನೇಹ ಹೋಯ್ತು.

ಕೊಟ್ಟುಬಿಟ್ರೆ ಆ ಕಾಟ ಇಲ್ಲ. ಓದ್ಲಿ, ಬಿಡ್ಲಿ, ಅವರ ಪುಸ್ತಕ.

ಪುಸ್ತಕ ಹಂಚೋದು ಅಂದ ಕೂಡಲೇ ಬುಕ್‌ಕ್ರಾಸಿಂಗ್ ನೆನಪಾಗಬಹುದು. 2001ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು, ಪುಸ್ತಕಕ್ಕೊಂದು ನಂಬರ್ ಅಂಟಿಸಿ ಪಾರ್ಕಿನ ಬೆಂಚಲ್ಲೋ ರೈಲಲ್ಲೋ ಬಿಟ್ಟು ಬರೋದು. ಚೆನ್ನಾಗಿದೆ. ಆದ್ರೆ ಹಂಚೋ ಗುಂಗು ನಮಗೇನು ಹೊರಗಿಂದ ಬಂದಿದ್ದಲ್ಲ. ಶಾಲೆಯಲ್ಲಿ ಓದಿರ್ತೀರಿ, ದಾನಚಿಂತಾಮಣಿ ಅತ್ತಿಮಬ್ಬೆ. ಹತ್ತನೇ ಶತಮಾನದವಳು, ಗದಗ ಹತ್ತಿರದ ಲಕ್ಕುಂಡಿಯ ಬಸದಿ ಕಟ್ಟಿಸಿದವಳು. ಪೊನ್ನ ಕವಿಯ ಶಾಂತಿಪುರಾಣವನ್ನ ಓಲೆಗರಿಯಲ್ಲಿ 1000 ಪ್ರತಿ ಬರೆಸಿ ಹಂಚಿದ್ಲು. ಒಂದು ನಿಮಿಷ ಯೋಚನೆ ಮಾಡಿ. ಪ್ರಿಂಟಿಂಗ್ ಪ್ರೆಸ್ ಇಲ್ಲ, ಜೆರಾಕ್ಸ್ ಇಲ್ಲ. ಕಂಠದಿಂದ ಗರಿ ಕೊರೆದು ಕೊರೆದು ಅಷ್ಟೂ ಪ್ರತಿ. ಇವತ್ತಿಗೂ ಕನ್ನಡದಲ್ಲಿ ಒಂದು ಪುಸ್ತಕದ ಮೊದಲ ಮುದ್ರಣ ಸಾಮಾನ್ಯವಾಗಿ ಅದೇ 1000 ಪ್ರತಿ! ಎಷ್ಟೋ ಪುಸ್ತಕಗಳಿಗೆ ಅಷ್ಟೂ ಇಲ್ಲ.

ಇಲ್ಲೇ ಒಂದು ಪ್ರಶ್ನೆ ಬರುತ್ತೆ, ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ಕೇಳಿಯೂ ಇದ್ರು. ಎಲ್ಲರೂ ಹೀಗೆ ಒಂದೇ ಪ್ರತಿ ಕೈ ಬದಲಾಯಿಸ್ತಾ ಓದಿದ್ರೆ ಬರೆದವರ ಗತಿ ಏನು? ನ್ಯಾಯವಾದ ಪ್ರಶ್ನೆ. ಬರೆದವರಿಗೆ ಸಿಗೋದೇ ಮುಖಬೆಲೆಯಲ್ಲಿ ಒಂದು ಸಣ್ಣ ಪಾಲು. ನನ್ನ ಅನುಭವ ಮಾತ್ರ ಹೇಳ್ತೀನಿ: ಕೊಟ್ಟ ಮೇಲೆ ನನ್ನ ಖರೀದಿ ಜಾಸ್ತಿ ಆಗಿದೆ. ಕಪಾಟಲ್ಲಿ ಜಾಗ ಆಗುತ್ತೆ, ಕೈ ಕಡಿಯುತ್ತೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ನಾನು ಮೂರು ಸಲ ಕೊಂಡಿದ್ದೀನಿ, ಈಗ ನನ್ನ ಹತ್ರ ಒಂದೂ ಇಲ್ಲ. ನನ್ನಿಂದ ಅದನ್ನ ಇಸ್ಕೊಂಡ ಒಬ್ಬ ಹುಡುಗ, ಇಂಗ್ಲಿಷ್ ಬಿಟ್ಟು ಬೇರೆ ಓದದೇ ಇದ್ದವನು, ಆಮೇಲೆ ತಾನೇ ಗಾಂಧಿ ಬಜಾರಿಗೆ ಹೋಗಿ ನಾಲ್ಕು ಕನ್ನಡ ಪುಸ್ತಕ ತಂದ.

ಹಾಗಿದ್ರೆ ಪಿಡಿಎಫ್ ಯಾಕಾಗಬಾರದು, ಫ್ರೀ ಅಲ್ವಾ, ವಾಟ್ಸ್ಯಾಪಲ್ಲಿ ಒಂದೇ ಕ್ಲಿಕ್ ಅಲ್ವಾ ಅಂತ ಕೇಳೋರು ಇದ್ದೀರಿ, ಗೊತ್ತು. ಈಗಿನ ಲೇಖಕರ ಪುಸ್ತಕ ಸ್ಕ್ಯಾನ್ ಮಾಡಿ ಟೆಲಿಗ್ರಾಂ ಗುಂಪುಗಳಿಗೆ ಹಾಕೋದನ್ನ ನಾನು ಹಂಚೋದು ಅನ್ನಲ್ಲ. ದುಡ್ಡು ಕೊಟ್ಟು ಕೊಂಡ ಮುದ್ರಿತ ಪ್ರತಿಯನ್ನ ಯಾರಿಗೆ ಬೇಕಾದ್ರೂ ಕೊಡಿ, ಮಾರಿ, 1957ರ ಕೃತಿಸ್ವಾಮ್ಯ ಕಾಯ್ದೆ ಅಡ್ಡ ಬರಲ್ಲ. ಪಿಡಿಎಫ್ ಕಳಿಸಿದಾಗ ಹೊಸ ಪ್ರತಿ ಹುಟ್ಟುತ್ತೆ, ನಿಮ್ಮದು ನಿಮ್ಮ ಹತ್ರಾನೇ ಇರುತ್ತೆ. ನಿಮಗೇನೂ ಕಮ್ಮಿ ಆಗಿರಲ್ಲ. ನನಗೆ ಕಾನೂನಿಗಿಂತ ಇದೇ ದೊಡ್ಡ ವಿಷಯ. ಇಷ್ಟದ ಪುಸ್ತಕ ಕೊಟ್ಟಾಗ ನಿಮ್ಮ ಕಪಾಟಲ್ಲಿ ಒಂದು ಖಾಲಿ ಜಾಗ ಆಗುತ್ತಲ್ಲ, ಆ ಖಾಲಿ ಜಾಗದ ಬೆಲೆ ತಗೊಂಡವರಿಗೂ ಗೊತ್ತಿರುತ್ತೆ. 200 ಜನರ ಗುಂಪಿಗೆ ಬಂದ ಪಿಡಿಎಫ್ ಅನ್ನ ಯಾರು ತೆರೀತಾರೆ? ನನ್ನ ಫೋನಲ್ಲಿ 43 ಇವೆ. ತೆರೆದಿಲ್ಲ.

ಇ-ಪುಸ್ತಕದ್ದು ಇನ್ನೊಂದು ಥರ. ಅಲ್ಲಿ ನಾವು ಕೊಳ್ಳೋದು ಓದೋ ಅನುಮತಿ ಮಾತ್ರ. 2009ರಲ್ಲಿ ಆರ್ವೆಲ್‌ನ '1984' ಕಾದಂಬರಿಯ ಕೆಲವು ಪ್ರತಿಗಳನ್ನ ಅಮೆಜಾನ್ ಓದುಗರ ಕಿಂಡಲ್‌ಗಳಿಂದಲೇ ಅಳಿಸಿಬಿಟ್ಟಿತ್ತು. ಅದನ್ನ ಮಾರಾಟಕ್ಕಿಟ್ಟವರಿಗೆ ಹಕ್ಕೇ ಇರಲಿಲ್ಲ ಅನ್ನೋದು ಕಾರಣ. ದುಡ್ಡು ವಾಪಸ್ ಕೊಟ್ಟರು, ಆಮೇಲೆ ಕ್ಷಮೆನೂ ಕೇಳಿದ್ರು. ಆದ್ರೂ ನಮ್ಮ ಕೈಯಲ್ಲಿದ್ದಿದ್ದು ನಮ್ಮದಾಗಿರಲಿಲ್ಲ. ಕೊಡಬೇಕಂದ್ರೆ ಮೊದಲು ನಮ್ಮದಾಗಿರಬೇಕಲ್ವಾ?

ಸರಿ. ಯಾವ ಪುಸ್ತಕ ಯಾರಿಗೆ? ಇದರಲ್ಲಿ ನಾನು ಬೇಕಾದಷ್ಟು ದಡ್ಡತನ ಮಾಡಿದ್ದೀನಿ. ಪಿಯುಸಿ ಆದ್ಮೇಲೆ ಪುಸ್ತಕ ಮುಟ್ಟದ ಗೆಳತಿಗೆ, ಕುವೆಂಪು ಓದದೇ ಹೇಗಿರ್ತೀಯ ಅಂತ 'ಮಲೆಗಳಲ್ಲಿ ಮದುಮಗಳು' ಕೊಟ್ಟೆ. ಅದು ಅಂಥ ದಪ್ಪದ ಪುಸ್ತಕ. ಅವಳದ್ದು ವರ್ಕ್ ಫ್ರಂ ಹೋಂ. ಮುಂದೊಂದು ದಿನ ವಿಡಿಯೋ ಕಾಲಲ್ಲಿ ನೋಡ್ತೀನಿ, ಲ್ಯಾಪ್‌ಟಾಪ್ ಅಡಿಯಲ್ಲಿ ಮದುಮಗಳು. "ಕರೆಕ್ಟ್ ಹೈಟ್ ಕಣೇ" ಅಂದ್ಲು. ತಪ್ಪು ಅವಳದ್ದಲ್ಲ. ನಾನು ಅವಳನ್ನ ನೋಡಿ ಪುಸ್ತಕ ಆರಿಸಿರಲಿಲ್ಲ, ನನ್ನನ್ನ ನೋಡಿ ಆರಿಸಿದ್ದೆ. ಅವಳಿಗೆ ಬೇಕಾಗಿದ್ದಿದ್ದು ಒಂದು ಭಾನುವಾರಕ್ಕೆ ಮುಗಿಯೋ ಪುಸ್ತಕ.

ಹಾಗೆ ಒಂದು ಭಾನುವಾರಕ್ಕೆ ಮುಗಿಯೋದು ಅಂದ್ರೆ ನನಗೆ ಮೊದಲು ನೆನಪಾಗೋದು ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದಿದ್ದು. ಹಾರುವ ಓತಿಯ ಹಿಂದೆ ಕಾಡಿಗೆ ಬೀಳೋ ಕಥೆ. ಇದುವರೆಗೆ ನಾನು ಕೊಟ್ಟವರಲ್ಲಿ ಓದದೇ ಬಿಟ್ಟವರು ಇಲ್ಲ. ಮೊದಲು ಹೇಳಿದ ಕಥೆ ಇದೇ ಪುಸ್ತಕದ್ದು.

ಎರಡು ವರ್ಷದ ಹಿಂದಿನ ಮಳೆಗಾಲ. ಮೂಡಿಗೆರೆ ಕಡೆ ಸುತ್ತಿ ಬಂದ ಗೆಳತಿಯೊಬ್ಬಳು ಮನೆಗೆ ಬಂದಿದ್ಲು. ಆ ಕಡೆಯದ್ದು ಏನಾದ್ರೂ ಓದೋಕೆ ಕೊಡು ಅಂದ್ಲು. ಕಪಾಟಲ್ಲಿದ್ದ 'ಕರ್ವಾಲೊ' ತೆಗೆದು ಕೊಟ್ಟೆ. ಅದು ನಮ್ಮಪ್ಪನ ಪ್ರತಿ. ಅಪ್ಪ ಹಾಸನದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡಿದ್ದು, ಒಳಗೆ ಅಲ್ಲಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ರು. ಗೊತ್ತಿದ್ದೇ ಕೊಟ್ಟೆ. ಫೋನಲ್ಲಿ ಅಪ್ಪನಿಗೆ ಹೇಳಿದಾಗ "ಕೊಡು ಕೊಡು, ಗೆದ್ದಲು ತಿನ್ನೋದಕ್ಕಿಂತ ವಾಸಿ" ಅಂದ್ರು. ಎಂಟು ತಿಂಗಳಾದ್ಮೇಲೆ ಅಪ್ಪ ಹೋದ್ರು.

ಹದಿಮೂರನೇ ದಿನದ ಕೆಲಸ ಎಲ್ಲ ಮುಗಿದು ಬೆಂಗಳೂರಿಗೆ ವಾಪಸ್ ಬಂದ ರಾತ್ರಿ, ಬೇರೆ ಏನೂ ಬೇಡ, ಆ ಪುಸ್ತಕ ಬೇಕು ಅನ್ನಿಸಿಬಿಡ್ತು. ಅಪ್ಪನ ಅಕ್ಷರ ನನ್ನ ಹತ್ರ ಬೇರೆಲ್ಲೂ ಇರಲಿಲ್ಲ. ನಮ್ಮ ಕಾಲದಲ್ಲಿ ಯಾರು ಯಾರಿಗೆ ಕಾಗದ ಬರೀತಾರೆ? ವಾಟ್ಸ್ಯಾಪಲ್ಲಿ ಗುಡ್ ಮಾರ್ನಿಂಗ್ ಇದೆ, ಹೂವಿನ ಚಿತ್ರ ಇದೆ. ಅಕ್ಷರ ಇಲ್ಲ. ಗೆಳತಿಗೆ ಫೋನ್ ಮಾಡಿದೆ. "ಅಯ್ಯೋ, ನೀನೇ ತಾನೇ ಮುಂದಕ್ಕೆ ಕೊಡು ಅಂದಿದ್ದು" ಅಂದ್ಲು. ನಿಜವೇ. ಅವಳು ಆಫೀಸಿನ ಸಹೋದ್ಯೋಗಿಗೆ ಕೊಟ್ಟಿದ್ಲು. ಅವರು ಊರಿಗೆ ಹೋದಾಗ ಚಿಕ್ಕಮ್ಮನ ಮಗನಿಗೆ ಕೊಟ್ಟಿದ್ರು. ಆ ಹುಡುಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡ್ಕೊಂಡು ಪಿಎಸ್‌ಐ ಪರೀಕ್ಷೆಗೆ ಓದ್ತಿದ್ದ.

ನಂಬರ್ ಇಸ್ಕೊಂಡು ಮಾಡಿದೆ. ವಿಷಯ ಹೇಳೋಕೆ ಮುಂಚೆನೇ ಅವನು, "ಅಕ್ಕಾರ, ಭಾಳ ಛಲೋ ಪುಸ್ತಕ ಐತ್ರಿ. ಎರಡನೇ ಸಲ ಓದಾಕತ್ತೀನಿ. ನನ್ನ ರೂಮ್‌ಮೇಟ್ ಪಾಳಿ ಹಚ್ಯಾನ್ರಿ" ಅಂದ. ನನಗೆ ಮಾತೇ ಹೊರಡಲಿಲ್ಲ. ಗೀಚಿರೋ ಪುಟಗಳ ಫೋಟೋ ಕಳಿಸ್ತೀರಾ ಅಂತ ಮಾತ್ರ ಕೇಳಿದೆ. ಹತ್ತು ನಿಮಿಷಕ್ಕೆ 11 ಫೋಟೋ ಬಂತು.

ಕಾದಂಬರಿ ಶುರುವಾಗೋದೇ ಜೇನಿನ ವಿಷಯದಿಂದ. ಅಲ್ಲಿ ಅಂಚಿನಲ್ಲಿ ಅಪ್ಪ ಬರೆದಿದ್ರು, ಹಿತ್ತಲಿನ ಹಲಸಿನ ಮರದ ಪೊಟರೆಯಿಂದ ತುಡುವೆ ಜೇನು ತಾನೇ ಕಿತ್ತಿದ್ದು, ಎರಡು ಬಾಟಲಿ ತುಪ್ಪ ಸಿಕ್ಕಿದ್ದು ಅಂತ. ಅದರ ಕೆಳಗೆ ನೀಲಿ ಶಾಯಿಯಲ್ಲಿ ಗೆಳತಿಯ ಸಹೋದ್ಯೋಗಿ, "ನಮ್ಮ ಕಡೆ ಇದನ್ನ ಹೊಗೆ ಹಾಕಿ ಕೀಳ್ತಾರೆ, ನೀವು?" ಅಂತ ಕೇಳಿದ್ರು. ಅದರ ಕೆಳಗೆ ಈ ಹುಡುಗ, ಒಂಬತ್ತನೇ ಕ್ಲಾಸಲ್ಲಿ ಜೇನು ಕಡಿಸ್ಕೊಂಡು ಮುಖ ಬಾತು ಮೂರು ದಿನ ಶಾಲೆ ತಪ್ಪಿಸಿದ್ದನ್ನ ಬರೆದಿದ್ದ. ಅಪ್ಪನ್ನ ಒಂದ್ಸಲನೂ ನೋಡದ ಇಬ್ಬರು ಆ ಅಂಚಿನಲ್ಲಿ ಅವರ ಜೊತೆ ಹರಟೆ ಹೊಡೀತಿದ್ರು. ಅಪ್ಪ ಹೋದ ಸುದ್ದಿ ಆ ಪುಟಕ್ಕೆ ಮುಟ್ಟಿರಲಿಲ್ಲ.

ಪುಸ್ತಕ ಕೊಟ್ಟುಬಿಡಿ ಅಂತ ಇಷ್ಟೊತ್ತು ಮಾತಾಡಿದ ನಾನು ಅಲ್ಲಿಗೆ ಸುಮ್ಮನಾಗ್ಬೇಕಿತ್ತು. ಆಗಲಿಲ್ಲ. ಎರಡು ದಿನ ಆದ್ಮೇಲೆ ಮತ್ತೆ ಫೋನ್ ಮಾಡಿ ವಾಪಸ್ ಕೇಳಿದೆ. ಅವನು ಒಂದು ಮಾತೂ ಆಡದೆ, "ಕಳಸ್ತೀನ್ರಿ ಅಕ್ಕಾರ, ಅಪ್ಪಾರದ್ದು ಅಂದ ಮ್ಯಾಲ ಮುಗೀತಲ್ರಿ" ಅಂದ. ರೂಮ್‌ಮೇಟ್ ಪಾಳಿ ತಪ್ಪಿಹೋಯ್ತು.

ಪುಸ್ತಕ ಬಂತು. ಅಮ್ಮ ಬೆಂಗಳೂರಿಗೆ ಬಂದಾಗ ತೋರಿಸಿದೆ. ಕನ್ನಡಕ ಹಾಕ್ಕೊಂಡು ಆ ಜೇನಿನ ಸಾಲು ಓದಿದ್ರು. ಅಳ್ತಾರೇನೋ ಅಂತ ನಾನು ಪಕ್ಕದಲ್ಲೇ ಕೂತಿದ್ದೆ. ಅಮ್ಮ, "ಸುಳ್ಳು. ಆ ಜೇನು ಕಿತ್ತಿದ್ದು ನಮ್ಮಣ್ಣ. ಇವರು ಕೆಳಗೆ ಪಾತ್ರೆ ಹಿಡ್ಕೊಂಡು ನಿಂತಿದ್ರು ಅಷ್ಟೇ. ಎಲ್ಲಿ, ಪೆನ್ಸಿಲ್ ಕೊಡು" ಅಂದ್ರು. ಈಗ ಅದೂ ಆ ಪುಟದಲ್ಲಿದೆ.

ವಾಪಸ್ ತರಿಸಿಕೊಂಡಿದ್ದು ಸರಿನಾ ಅಂತ ಕೇಳಿದ್ರೆ, ಅಮ್ಮನ ಆ ಸಾಲು ನೋಡಿದಾಗ ಸರಿ ಅನ್ಸುತ್ತೆ. ಉಳಿದ ದಿನ ಕಪಾಟಲ್ಲಿ ಸುಮ್ಮನೆ ಕೂತಿರೋದನ್ನ ನೋಡಿದಾಗ ಆ ರೂಮ್‌ಮೇಟ್ ನೆನಪಾಗ್ತಾನೆ. ಮನೆಯವರ ಕೈಬರಹ ಇರೋ ನಾಲ್ಕು ಪುಸ್ತಕಗಳನ್ನ ಈಗ ಬೇರೆ ಎತ್ತಿಟ್ಟಿದ್ದೀನಿ. ಉಳಿದಿದ್ದೆಲ್ಲ ಕೊಡೋದೇ. ನೀವೂ ಕೊಡೋಕೆ ಮುಂಚೆ ಒಂದ್ಸಲ ಪುಟ ತಿರುವಿ ನೋಡ್ಕೊಳ್ಳಿ.

ಅವನಿಗೆ ಹೊಸ ಪ್ರತಿ ಕೊಂಡು ಕಳಿಸಿದೆ. ಬೇರೆ ಊರಿನ ಗೆಳೆಯರಿಗೆ ಕಳಿಸೋರಿಗೆ ಇದು ಉಪಯೋಗಕ್ಕೆ ಬರಬಹುದು. ಅಂಚೆಯವರ ಹಳೇ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಲ್ಲಿ ನಿಂತುಹೋಯ್ತು. ಆಗ ಪುಸ್ತಕದವರೆಲ್ಲ ಬೇಜಾರು ಮಾಡ್ಕೊಂಡಿದ್ರು. 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಅಂತ ಬಂದಿದೆ. ಶುರು ಮಾಡಿದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ಮೇಲೆ ತೆರಿಗೆ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು. ರಸ್ತೆ, ರೈಲಿನಲ್ಲೇ ಹೋಗೋದ್ರಿಂದ ನಿಧಾನ, ಆದ್ರೆ ಎಲ್ಲಿದೆ ಅಂತ ಫೋನಲ್ಲೇ ನೋಡಬಹುದು. ಕೌಂಟರಲ್ಲಿ ಹೆಸರು ಹೇಳಿ ಕೇಳಿ, ಇಲ್ಲಾಂದ್ರೆ ಸ್ಪೀಡ್ ಪೋಸ್ಟ್‌ಗೆ ಹಾಕಿಬಿಡ್ತಾರೆ.

ಹೋದ ವಾರ ಅದು ಧಾರವಾಡ ತಲುಪಿತು. ಹುಡುಗನ ಮೆಸೇಜ್ ಬಂತು: "ಪುಸ್ತಕ ಬಂತ್ರಿ ಅಕ್ಕಾರ. ಥ್ಯಾಂಕ್ಸ್ ರೀ. ಆದ್ರ ಇದರಾಗ ಯಾರೂ ಏನೂ ಬರ್ದಿಲ್ಲಲ್ರಿ."

ಏನು ಉತ್ತರ ಕೊಡ್ಲಿ ಅಂತ ಇನ್ನೂ ಯೋಚನೆ ಮಾಡ್ತಿದ್ದೀನಿ. ನಿಮಗೇನಾದ್ರೂ ಹೊಳೆದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.